ನೆನೆಸಿಟ್ಟ ಬೂದಿ

ಹಳ್ಳಿಮೈಸೂರು ರಸ್ತೆಯಿಂದ ಒಳಕ್ಕೆ ತಿರುಗುವ ಆ ಕೊಪ್ಪಲಿನಲ್ಲಿ ಕ್ರೈಸ್ತರ ಮನೆ ಯಾವುದೆಂದು ಬಾಗಿಲು ನೋಡಿಯೇ ಹೇಳಬಹುದಿತ್ತು. ಈಸ್ಟರ್‌ಗೆ ಮುಂಚಿನ ಭಾನುವಾರ, ಗರಿಗಳ ಹಬ್ಬದಂದು, ಫಾದರ್ ಮಂತ್ರಿಸಿ ಕೊಟ್ಟ ತೆಂಗಿನ ಗರಿಯನ್ನು ಸೀಳಿ, ಮಡಿಸಿ, ಶಿಲುಬೆ ಮಾಡಿ ಬಾಗಿಲ ಮೇಲೆ ಸಿಕ್ಕಿಸುವುದು ವಾಡಿಕೆ. ವರ್ಷವಿಡೀ ಅದು ಅಲ್ಲೇ ಒಣಗುತ್ತದೆ. ಮರುವರ್ಷ ತಪಸ್ಸು ಕಾಲ, ಅಂದರೆ ಈಸ್ಟರ್‌ಗೆ ಮೊದಲಿನ ನಲವತ್ತು ದಿನದ ಉಪವಾಸ, ಶುರುವಾಗುವ ಮುನ್ನ ಅದನ್ನು ಬಿಚ್ಚಿ ಗುಡಿಗೆ, ಊರಿನ ಪುಟ್ಟ ಚರ್ಚಿಗೆ, ಹಿಂದಿರುಗಿಸುತ್ತಾರೆ. ಎಲ್ಲ ಮನೆಗಳ ಗರಿಯನ್ನು ಒಟ್ಟಿಗೆ ಸುಟ್ಟಾಗ ಸಿಗುವುದೇ ಬೂದಿ ಬುಧವಾರದ ಬೂದಿ. ಅದರಿಂದ ಹಣೆಗೆ ಶಿಲುಬೆ ಬರೆಸಿಕೊಂಡರೆ ತಪಸ್ಸು ಆರಂಭವಾದಂತೆ.

ಗರಿ ಕೂಡಿಸುವ ಕೆಲಸ ಸಿಸಿಲಿಯಾಳದ್ದು. ಊರಿನವರ ಬಾಯಲ್ಲಿ ಅವಳು ಸಿಸ್ಲಿ. ಹೊಳೆನರಸೀಪುರದ ಕಾಲೇಜಿನಲ್ಲಿ ಆಗ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಳು. ಅಪ್ಪ ಇನ್ನಾಸಪ್ಪ ಗುಡಿಯ ಉಪದೇಶಿಯಾಗಿದ್ದರು. ಫಾದರ್ ಬಾರದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಜಪ ಕಲಿಸುವುದು, ಸಾವಿನ ಮನೆಯಲ್ಲಿ ಜಪಸರ ಹೇಳಿಸುವುದು ಅವರ ಪಾಲಿನದು. ಅವರು ತೀರಿಕೊಂಡಾಗ ಊರಿನಲ್ಲಿ ಪ್ರಾರ್ಥನೆಗಳು ಪೂರ್ತಿ ಬಾಯಿಗೆ ಬರುತ್ತಿದ್ದುದು ಮಗಳಿಗೊಬ್ಬಳಿಗೇ. ಗುಡಿಯ ಬೀಗದ ಕೈ ಅವಳ ಕಾಲೇಜು ಬ್ಯಾಗಿಗೆ ಬಂತು.

ಗುಡಿ ಎಂದರೆ ಹೆಂಚಿನ ಒಂದು ಕೋಣೆ, ಸಿಮೆಂಟಿನ ಪೀಠ, ಹೊರಗೆ ಕಂಬಕ್ಕೆ ಕಟ್ಟಿದ ಗಂಟೆ. ಹೊಳೆನರಸೀಪುರ ಪಟ್ಟಣದ ಫಾದರ್ ತಿಂಗಳಿಗೊಮ್ಮೆ ಬಂದು ಪೂಜೆ ಅರ್ಪಿಸುತ್ತಿದ್ದರು. ಕಳೆದ ವರ್ಷ ಜನವರಿಯ ಪೂಜೆಗೆ ಬಂದವರು ಸಿಸ್ಲಿ, ಅವಳ ತಾಯಿ ಲೂರ್ದಮ್ಮ, ಮೂವರು ಮುದುಕಿಯರು. ಪೂಜೆ ಮುಗಿಸಿ ಫಾದರ್ ತಮ್ಮ ಬಟ್ಟೆ ಮಡಿಸುತ್ತಾ ಹೇಳಿದರು: "ನಾನು ಇನ್ನೂ ನಾಲ್ಕು ಕಡೆ ಹೋಗ್ಬೇಕಮ್ಮ. ಈ ತಪಸ್ಸು ಕಾಲ ನೋಡೋಣ. ಜನ ಬಂದ್ರೆ ಸರಿ. ಇಲ್ದಿದ್ರೆ ಈಸ್ಟರ್ ಆದ್ಮೇಲೆ ಎಲ್ರೂ ಪಟ್ಟಣಕ್ಕೇ ಬಂದ್ಬಿಡಿ."

ಭಾನುವಾರ ಬೆಳಿಗ್ಗೆ ಆ ಕೊಪ್ಪಲಿಗೆ ಬಸ್ಸಿಲ್ಲ. ಪಟ್ಟಣಕ್ಕೆ ಬನ್ನಿ ಎಂದರೆ ಮೂವರು ಮುದುಕಿಯರಿಗೆ ಇನ್ನು ಪೂಜೆಯಿಲ್ಲ ಎಂದರ್ಥ. ಸಿಸ್ಲಿಗೆ ಅದು ಫಾದರ್‌ಗಿಂತ ಚೆನ್ನಾಗಿ ಗೊತ್ತಿತ್ತು. ಅಪ್ಪ ನಡೆಸಿಕೊಂಡು ಬಂದ ಗುಡಿ ತನ್ನ ಕೈಯಲ್ಲಿ ಮುಚ್ಚಬಾರದು ಎಂದು ಅವಳು ತೀರ್ಮಾನಿಸಿದಳು. ದೊಡ್ಡವರನ್ನು ಕರೆದು ಸಾಕಾಗಿತ್ತು, ಮಕ್ಕಳಿಂದ ಶುರುಮಾಡಿದಳು. ಶನಿವಾರ ಸಂಜೆ ಹಾಡು ಕಲಿಸಿದಳು. ಆರು ಮಕ್ಕಳು ಬಂದರು, ಆಮೇಲೆ ಎಂಟಾದರು. ಮಕ್ಕಳ ಹಾಡು ಕೇಳಲು ಇಬ್ಬರು ತಾಯಂದಿರೂ ಬಂದು ಬಾಗಿಲಲ್ಲಿ ನಿಂತರು. ಒಬ್ಬರಂತೂ ಒಳಗೇ ಬಂದು ಕೂತರು.

ಫೆಬ್ರವರಿಯಲ್ಲಿ ಗರಿ ಕೇಳಲು ಹೊರಟಳು. ಮೊದಲ ಮನೆ ಚೌರಪ್ಪನದು.

"ಗರಿನಾ? ಮಳೆಗಾಲ್ದಲ್ಲೇ ಒಲೆಗಾಕ್ಬುಟ್ಟೆ ಕಣವ್ವ. ಬೇಕಾದ್ರೆ ತ್ವಾಟದಲ್ಲಿ ಒಸ ಗರಿ ಅವೆ, ಕಡ್ಕೊಂಡೋಗು."

"ಮಂತ್ರಿಸಿದ್ದೇ ಬೇಕು ಮಾವ."

"ಮಂತ್ರಿಸೋರು ನಮ್ಮನೆ ಒಸ್ಲು ತುಳ್ದು ಯಾವ ಕಾಲ ಆಯ್ತು ಏಳು. ನಿಮ್ಮಪ್ಪ ಇದ್ದಾಗ ಬತ್ತಿದ್ದೆ. ಈಗ ನಿನ್ನ ತಾವ ಬಂದು ಏನಂತ ಕೂರ್ಲಿ, ನೀನು ನನ್ನ ಕಂಕುಳಲ್ಲಿ ಬೆಳೆದೋಳು."

ಹೀಗೇ ಹಲವು ಮನೆ. ಗರಿ ಸಿಕ್ಕಿದ್ದು ಕೆಲವೇ ಕಡೆ. ಅದರಲ್ಲಿ ಒಂದು ಶಾಂತಿಯ ಮನೆ. ಶಾಂತಿ ಪಕ್ಕದೂರಿನ ಬೌದ್ಧರ ಮನೆಯ ಹೆಣ್ಣು. ಲಾರಿ ಓಡಿಸುವ ರಾಯಪ್ಪನನ್ನು ಮದುವೆಯಾಗಿ ಈ ಊರಿಗೆ ಬಂದವಳು. ಗುಡಿಗೆ ಬರುತ್ತಿರಲಿಲ್ಲ, ಮಗಳು ರೆಜಿನಾಳನ್ನು ತಡೆಯುತ್ತಲೂ ಇರಲಿಲ್ಲ. ರಾಯಪ್ಪ ಲಾರಿಯಲ್ಲಿ ಹೋದರೆ ವಾರಗಟ್ಟಲೆ ಮನೆಯಲ್ಲಿರುವವರು ತಾಯಿ ಮಗಳು ಇಬ್ಬರೇ. ಅವರ ಮನೆಯ ಗರಿ ಗೋಡೆಯ ಬುದ್ಧನ ಪಟದ ಹಿಂದೆ, ಮಡಿಕೆ ಕೆಡದೆ, ಇಟ್ಟಂತೆಯೇ ಇತ್ತು.

"ಅವಳೇ ಇಟ್ಟಿದ್ದು, ಗಾಳಿಗೆ ಬಿದ್ದೋಯ್ತದೆ ಅಂತ. ದಿನಾ ನೋಡ್ತಾಳೆ. ನೋಡು, ಕೊಡೋಕೂ ಮನ್ಸಿಲ್ಲ" ಎಂದು ಶಾಂತಿ ನಕ್ಕಳು. ಮೂರನೇ ಕ್ಲಾಸಿನ ರೆಜಿನಾ ಗರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಕೊಟ್ಟಳು.

ಬೂದಿ ಬುಧವಾರ ಫಾದರ್ ಪಟ್ಟಣ ಬಿಟ್ಟು ಬರುವಂತಿರಲಿಲ್ಲ. ಬೂದಿ ತಂದರೆ ಮಂತ್ರಿಸಿ ಕೊಡುತ್ತೇನೆ, ನೀನೇ ಹಚ್ಚು ಎಂದಿದ್ದರು. ಸೋಮವಾರ ಸಂಜೆ ಸಿಸ್ಲಿ ಗುಡಿಯ ಹಿಂದೆ ಬಾಣಲೆಯಲ್ಲಿ ಗರಿ ಸುಟ್ಟಳು, ತೆಳುಬಟ್ಟೆಯಲ್ಲಿ ಜರಡಿ ಹಿಡಿದಳು. ಮಂಗಳವಾರ ಕಾಲೇಜಿಗೆ ಹೋಗುವಾಗ ಸ್ಟೀಲಿನ ಡಬ್ಬಿಯಲ್ಲಿ ಒಯ್ದು ಫಾದರ್ ಹತ್ತಿರ ಮಂತ್ರಿಸಿಕೊಂಡು ಬಂದಳು. ಅಲ್ಲಿಯವರೆಗೆ ಎಲ್ಲವೂ ಅಪ್ಪ ಮಾಡುತ್ತಿದ್ದಂತೆಯೇ ನಡೆದಿತ್ತು.

ಅಪ್ಪ ಒಣ ಬೂದಿ ಹಚ್ಚುತ್ತಿದ್ದರು. ಹಿಂದಿನ ವರ್ಷ ಅವಳೂ ಹಾಗೇ ಹಚ್ಚಿದಾಗ ಮಕ್ಕಳು ಶಾಲೆ ಮುಟ್ಟುವಷ್ಟರಲ್ಲಿ ಶಿಲುಬೆ ಉದುರಿಹೋಗಿತ್ತು. ಮೇಲಿನ ಬೀದಿಯ ಲಿಂಗಾಯತರ ಮಕ್ಕಳ ವಿಭೂತಿ ಸಂಜೆಯವರೆಗೂ ನಿಲ್ಲುತ್ತಿತ್ತು, ಅವರು ನೀರಿನಲ್ಲಿ ಕಲಸಿ ಹಚ್ಚುತ್ತಾರೆ. "ನಮ್ದು ಮಾತ್ರ ಯಾಕಕ್ಕ ಬಿದ್ದೋಯ್ತದೆ?" ಎಂದು ರೆಜಿನಾ ಆಗ ಕೇಳಿದ್ದಳು. ಮಂಗಳವಾರ ಸಂಜೆ ಸಿಸ್ಲಿ ಬೂದಿಗೆ ನೀರು ಹಾಕಿ ಗಟ್ಟಿಯಾಗಿ ಕಲಸಿ ಮುಚ್ಚಿಟ್ಟಳು. ಬೆಳಗಾಗುವಷ್ಟರಲ್ಲಿ ಅದು ಕಪ್ಪಗೆ, ನುಣ್ಣಗೆ, ಕಾಡಿಗೆಯಂತೆ ಆಗಿತ್ತು.

ಬುಧವಾರ ಬೆಳಿಗ್ಗೆ ಗುಡಿ ತುಂಬಿತು ಎನ್ನಬಹುದು. ಎಂಟು ಮಕ್ಕಳು, ಮುದುಕಿಯರು, ನಾಲ್ವರು ತಾಯಂದಿರು. ಬಾಗಿಲ ಹೊರಗೆ ಚೌರಪ್ಪ. ಸಿಸ್ಲಿ ಒಬ್ಬೊಬ್ಬರ ಹಣೆಗೂ ದಪ್ಪ ಶಿಲುಬೆ ಬರೆದಳು. ಮುದುಕಿಯರಿಗೆ ಅವರ ಪದ್ಧತಿಯಂತೆ ನೆತ್ತಿಯ ಕೂದಲ ಮೇಲೆ ಇಟ್ಟಳು. ಕೊನೆಯಲ್ಲಿ ತನ್ನ ಹಣೆಗೂ ಬರೆದುಕೊಂಡಳು. ಮಕ್ಕಳಿಗೆ ಹೇಳಿದಳು: "ಸಂಜೆ ಪ್ರಾರ್ಥನೆವರೆಗೂ ಯಾರೂ ಒರೆಸ್ಕೋಬಾರ್ದು. ಯಾರು ಇಟ್ಕೊಂಡಿರ್ತಾರೋ ನೋಡೋಣ."

ಹೊರಡುವಾಗ ರೆಜಿನಾ ಸಿಸ್ಲಿಯ ಲಂಗ ಜಗ್ಗಿದಳು. "ಅಕ್ಕ, ಚುರುಚುರು ಅಂತದೆ."

"ನಂಗೂ ಅಂತಿದೆ. ತಪಸ್ಸು ಕಾಲ ಅಲ್ವಾ ಪುಟ್ಟಿ, ಒಂಚೂರು ಸಹಿಸ್ಕೊ. ಯೇಸುಸ್ವಾಮಿ ಇದಕ್ಕಿಂತ ಎಷ್ಟು ಸಹಿಸ್ಕೊಂಡ್ರು."

ಇದು ಅವಳು ಆ ಕ್ಷಣಕ್ಕೆ ಕಟ್ಟಿದ ಮಾತಲ್ಲ. ಮಂಡಿ ನೋಯುತ್ತದೆ ಎಂದರೆ, ಉಪವಾಸದಲ್ಲಿ ತಲೆ ಸುತ್ತುತ್ತದೆ ಎಂದರೆ ಇನ್ನಾಸಪ್ಪ ಮಗಳಿಗೆ ಹೇಳುತ್ತಿದ್ದ ಮಾತೇ ಅದು. ನೋವನ್ನು ಒಪ್ಪಿಸಬೇಕು ಎಂದು ಆ ಮನೆಯಲ್ಲಿ ಕಲಿಸಿದ್ದರು. ಅವತ್ತು ಬಸ್ಸಿನಲ್ಲಿ ಹಣೆ ಉರಿಯುತ್ತಿದ್ದಾಗ ಅವಳಿಗೆ ಸಮಾಧಾನವೇ ಆಗಿತ್ತು, ಈ ವರ್ಷದ ತಪಸ್ಸು ಚೆನ್ನಾಗಿ ಶುರುವಾಯಿತು ಎಂದು.

ಕಾಲೇಜಿನ ಗೇಟಿನಲ್ಲಿ ಹಂಸ ಸಿಕ್ಕಳು. ರುದ್ರಪಟ್ಟಣದ ಹುಡುಗಿ, ಲ್ಯಾಬಿನಲ್ಲಿ ಸಿಸ್ಲಿಯ ಜೋಡಿ.

"ಏನೇ ಇದು, ದೃಷ್ಟಿಬೊಟ್ಟು ಜಾಗ ತಪ್ಪಿದೆಯಲ್ಲ. ಇವತ್ತೂ ಊಟ ಇಲ್ವಾ?"

"ಒಂದ್ಹೊತ್ತು."

"ಶುಕ್ರವಾರ ಎಗ್ ಪಫ್ಸ್ ತಿನ್ನಲ್ಲ, ಬುಧವಾರ ಅನ್ನ ತಿನ್ನಲ್ಲ. ನಮ್ಮಜ್ಜಿ ಮಡಿ ಬಿಟ್ರೂ ನೀನು ಬಿಡಲ್ಲ ಬಿಡು. ಭಾನುವಾರ ಎಲ್ರೂ ಶೆಟ್ಟಿಹಳ್ಳಿ ಪಾಳು ಚರ್ಚಿಗೆ ಹೋಗ್ತಿದೀವಿ, ಫೋಟೋ ತೆಗ್ಸೋಕೆ. ಬಾರೆ, ನಿಮ್ದೇ ಚರ್ಚು ಅಲ್ವಾ?"

"ಭಾನುವಾರ ನಮ್ಮೂರಲ್ಲಿ ಪ್ರಾರ್ಥನೆ ಇದೆ."

"ಸರಿ ತಾಯಿ." ಹಂಸ ಹತ್ತಿರ ಬಂದು ನೋಡಿದಳು. ದನಿ ಬದಲಾಯಿತು. "ಸುತ್ತ ಕೆಂಪಗಾಗಿದೆ ಕಣೆ. ತೊಳ್ಕೊ ಹೋಗು."

ಅವಳು ತೊಳೆದುಕೊಳ್ಳಲಿಲ್ಲ.

ಲೂರ್ದಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಮಧ್ಯಾಹ್ನ ಬಡಿಸುವಾಗ ನೋಡಿದರೆ ಏಳು ಮಕ್ಕಳು ನಲ್ಲಿಯಲ್ಲಿ ಹಣೆ ತೊಳೆದುಕೊಂಡಿದ್ದರು, ತೊಳೆದ ಜಾಗವೂ ಕೆಂಪಾಗಿತ್ತು. ರೆಜಿನಾ ಮಾತ್ರ ತಟ್ಟೆ ಮುಟ್ಟದೆ ಕೂತಿದ್ದಳು. ಬೂದಿಯ ಅಂಚಿನಿಂದ ನೀರು ಜಿನುಗುತ್ತಿತ್ತು.

"ತೊಳ್ಕೊ ಬಾ ಮಗ."

"ಬ್ಯಾಡ. ಸಂಜೆಗಂಟ ಇಟ್ಕೋಬೇಕು. ಸಿಸ್ಲಿ ಅಕ್ಕ ಏಳವ್ಳೆ."

ಲೂರ್ದಮ್ಮ ಅವಳನ್ನು ಎತ್ತಿಕೊಂಡು ಹೋಗಿ ತಾವೇ ತೊಳೆದರು. ಬೂದಿಯ ಜೊತೆ ಚರ್ಮವೂ ಬಂತು.

ಫೋನ್ ಬಂದಾಗ ಸಿಸ್ಲಿ ಕೆಮಿಸ್ಟ್ರಿ ಲ್ಯಾಬಿನಿಂದ ಹೊರಬರುತ್ತಿದ್ದಳು. ತಾಯಿ ಹೇಳಿದ್ದನ್ನು ಕೇಳಿಸಿಕೊಂಡು, ಮತ್ತೆ ಒಳಗೆ ಹೋಗಿ ಬಾಟಲಿಗಳ ಸಾಲಿನ ಮುಂದೆ ನಿಂತಳು. ಗಿಡಮರದ ಬೂದಿಯನ್ನು ನೀರಿನಲ್ಲಿ ನೆನೆಸಿಟ್ಟರೆ ಕ್ಷಾರ ಇಳಿಯುತ್ತದೆ, ಹೊತ್ತಾದಷ್ಟೂ ತೀಕ್ಷ್ಣವಾಗುತ್ತದೆ, ಚರ್ಮ ಸುಡುತ್ತದೆ. ಮೊದಲ ವರ್ಷದ ಪರೀಕ್ಷೆಯಲ್ಲಿ ಅವಳೇ ಬರೆದಿದ್ದ ಉತ್ತರ ಅದು. ಮೇಲಿನ ಬೀದಿಯವರ ವಿಭೂತಿ ಸುಟ್ಟು ಹಾಗೇ ಕಲಸಿದ ಬೂದಿಯಲ್ಲ, ತೊಳೆದು, ಸೋಸಿ, ಒಣಗಿಸಿ ಉಂಡೆ ಕಟ್ಟಿದ್ದು. ಹಂಸ ಬಂದು ತೋಳು ಹಿಡಿದು ನಲ್ಲಿಯ ಬಳಿಗೆ ಕರೆದೊಯ್ದಳು. ಈ ಸಲ ಸಿಸ್ಲಿ ಬೇಡವೆನ್ನಲಿಲ್ಲ.

ಸಂಜೆ ಅವಳು ನೇರ ಶಾಂತಿಯ ಮನೆಗೆ ಹೋದಳು. ಹಳ್ಳಿಮೈಸೂರಿನ ಆಸ್ಪತ್ರೆಯಲ್ಲಿ ಮುಲಾಮು ಹಚ್ಚಿಸಿಕೊಂಡು ಬಂದ ಮಗು ಮಲಗಿತ್ತು. ಶಾಂತಿ ಹೊಸ್ತಿಲಲ್ಲಿ ಕೂತಿದ್ದಳು, ಒಳಗೆ ಬಾ ಎನ್ನಲಿಲ್ಲ.

"ಗೊತ್ತಿಲ್ದೆ ಆಯ್ತು ಅಕ್ಕ. ನೀರು ಹಾಕ್ಬಾರ್ದಿತ್ತು."

"ನೀರಿನ್ ಮಾತು ಬುಡು. ಬೂದಿ ಕಲ್ಸೋದು ಯಾರ್ಗಾದ್ರೂ ತಪ್ಪೋಯ್ತದೆ." ಶಾಂತಿ ದನಿ ಏರಿಸಲಿಲ್ಲ. "ಉರೀತದೆ ಅಂತ ಬೆಳಿಗ್ಗೆನೇ ಏಳುದ್ಲಂತಲ್ಲ. ಆಗ ಏನಂದೆ ನೀನು?"

ಸಿಸ್ಲಿ ಒಳಗೆ ಮಲಗಿದ್ದ ಮಗುವಿನ ಕಡೆ ನೋಡಿದಳು.

"ನಿಮ್ಮ ದ್ಯಾವ್ರ ಮ್ಯಾಲೆ ನಂಗೆ ಸಿಟ್ಟಿಲ್ಲ ಕಣವ್ವ. ಮಗ ಉರೀತದೆ ಅಂದ್ರೆ ಒರ್ಸೋಳ್ನ ಕಂಡ್ರೆ ನಂಗೆ ನಂಬ್ಕೆ. ಸಹಿಸ್ಕೊ ಅನ್ನೋಳ ಕೈಗೆ ಕಳ್ಸಕ್ಕಿಲ್ಲ. ಓಗು, ಕತ್ಲಾಯ್ತದೆ."

ಯಾರೋ ಮಗುವಿನ ಹಣೆಯ ಫೋಟೋ ತೆಗೆದಿದ್ದರು. ಎರಡೇ ದಿನದಲ್ಲಿ ಅದು ವಾಟ್ಸಾಪಿನಲ್ಲಿ ಅರಕಲಗೂಡು ದಾಟಿ ಹಾಸನಕ್ಕೂ ಹೋಯಿತು. ಮಕ್ಕಳನ್ನು ಮತಕ್ಕೆ ಸೇರಿಸಲು ಹಣೆಗೆ ಬರೆ ಹಾಕುತ್ತಾರೆ ಎಂದು ಅದರ ಕೆಳಗೆ ಬರೆದಿತ್ತು. ಚನ್ನರಾಯಪಟ್ಟಣದಿಂದ ಸಿಸ್ಲಿಯ ಚಿಕ್ಕಮ್ಮ ಫೋನ್ ಮಾಡಿ, "ಅದು ನಮ್ಮ ಗುಡಿನಾ?" ಎಂದು ಕೇಳಿದರು. ಫಾದರ್ ಶಾಂತಿಯ ಮನೆಗೂ ಶಾಲೆಗೂ ಹೋಗಿ ಕ್ಷಮೆ ಕೇಳಿ ಬಂದರು. ಸಿಸ್ಲಿಯನ್ನು ಬಯ್ಯಲಿಲ್ಲ. ಇನ್ನು ಮಕ್ಕಳನ್ನು ಸೇರಿಸಬೇಡ ಎಂದಷ್ಟೇ ಹೇಳಿದರು. ಸೇರಿಸುವ ಪ್ರಶ್ನೆಯೇ ಇರಲಿಲ್ಲ. ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆಗೆ ಗಂಟೆ ಹೊಡೆದಾಗ ಬಂದವರು ಲೂರ್ದಮ್ಮ ಮತ್ತು ಮೂವರು ಮುದುಕಿಯರು. ಕೂದಲ ಮೇಲೆ ಬೂದಿ ಇಡಿಸಿಕೊಂಡಿದ್ದ ಅವರಿಗೆ ಏನೂ ಆಗಿರಲಿಲ್ಲ.

ಗರಿಗಳ ಹಬ್ಬಕ್ಕೆ ಚೌರಪ್ಪ ತನ್ನ ತೋಟದಿಂದ ಒಂದು ಹೊರೆ ಗರಿ ತಂದು ಗುಡಿಯ ಮುಂದೆ ಹಾಕಿ ಹೋದ. ಹೆಚ್ಚಿನದು ಅಲ್ಲೇ ಒಣಗಿತು. ಈಸ್ಟರ್ ಆದ ಮರುವಾರ ಫಾದರ್ ಕೊನೆಯ ಪೂಜೆ ಅರ್ಪಿಸಿ, ಬಟ್ಟಲು, ಪೀಠದ ಬಟ್ಟೆ, ಪೂಜೆಯ ಪುಸ್ತಕ ಕಾರಿಗಿಟ್ಟುಕೊಂಡರು. ಮುದುಕಿಯರಲ್ಲಿ ಹಿರಿಯಳು, "ನಂಗೆ ಸಾಯೋವಾಗ ಪ್ರಸಾದ ಯಾರು ತತ್ತಾರೆ ಸ್ವಾಮಿ?" ಎಂದು ಕೇಳಿದಳು. ಫೋನ್ ಮಾಡಿಸಿದರೆ ಬರುತ್ತೇನೆ ಎಂದರು ಫಾದರ್. ಆಕೆ ಮಳೆಗಾಲದಲ್ಲಿ, ಫೋನ್ ಮಾಡಿಸುವ ಮೊದಲೇ ತೀರಿಕೊಂಡಳು.

ಸಿಸ್ಲಿಗೆ ಈಗ ಕೊನೆಯ ವರ್ಷ. ಬೀಗದ ಕೈ ಇನ್ನೂ ಅವಳ ಬ್ಯಾಗಿನಲ್ಲಿದೆ. ಭಾನುವಾರ ಬಾಗಿಲು ತೆಗೆದು ಗುಡಿಸುತ್ತಾಳೆ, ತಾಯಿಯೊಂದಿಗೆ ಜಪಸರ ಹೇಳುತ್ತಾಳೆ. ಮೊದಲಿನಷ್ಟು ಉಪವಾಸ ಮಾಡುವುದಿಲ್ಲ ಎಂದು ಲೂರ್ದಮ್ಮ ಹೇಳುತ್ತಾರೆ. ತಲೆನೋವು ಎಂದರೆ ಮಾತ್ರೆ ನುಂಗುತ್ತಾಳೆ. "ಅವರಪ್ಪನ ಮಾತು ಈಗ ಬಾಯಲ್ಲಿ ಬರಕ್ಕಿಲ್ಲ" ಎನ್ನುತ್ತಾರೆ.

ಈ ವರ್ಷದ ಬೂದಿ ಬುಧವಾರ ಅವಳು ಎಂದಿನ ಬಸ್ಸಿಗೆ ಕಾಯುತ್ತಿದ್ದಳು. ಅದು ಪಟ್ಟಣ ಮುಟ್ಟುವಷ್ಟರಲ್ಲಿ ಅಲ್ಲಿನ ಬೆಳಗಿನ ಪೂಜೆ ಮುಗಿದಿರುತ್ತದೆ. ಶಾಲೆಗೆ ಹೊರಟ ರೆಜಿನಾ ರಸ್ತೆಯ ಆಚೆ ನಿಂತಳು. ಹಣೆ ಮುಚ್ಚುವಂತೆ ಅವಳ ಮುಂಗೂದಲನ್ನು ಕತ್ತರಿಸಿ ಬಿಟ್ಟಿದ್ದಾರೆ. ಆಚೀಚೆ ನೋಡಿ ಈಚೆಗೆ ಬಂದಳು.

"ಅಕ್ಕ, ಇವತ್ತು ಬೂದಿ ಇಲ್ವಾ?"

"ಇಲ್ಲ ಪುಟ್ಟಿ. ಅಮ್ಮ ನೋಡ್ತಾರೆ, ಹೋಗು."

ರೆಜಿನಾ ಹೋಗಲಿಲ್ಲ. "ಅವತ್ತು ಅವರೆಲ್ಲ ನಲ್ಲೀಲಿ ತೊಳ್ಕೊಂಬುಟ್ರು. ಒರುಸ್ಕೊಳ್ದೇ ಇದ್ದೋಳು ನಾನೊಬ್ಳೇ ಅಲ್ವಾ ಅಕ್ಕ?" ಎಂದು ಕೂದಲು ಸರಿಸಿ ತೋರಿಸಿದಳು. ಹಣೆಯ ನಡುವೆ ಚರ್ಮ ಬೇರೆ ಬಣ್ಣಕ್ಕೆ ತಿರುಗಿದೆ. ಶಿಲುಬೆಯ ಆಕಾರವೇನೂ ಉಳಿದಿಲ್ಲ, ಅಂಚಿಲ್ಲದ ಒಂದು ಬಿಳಿಚು ಮಚ್ಚೆ.

ಬಸ್ಸು ಬಂತು. ಸಿಸ್ಲಿ ಬಗ್ಗಿ ಅವಳ ಕೂದಲನ್ನು ಮತ್ತೆ ಹಣೆಯ ಮೇಲೆ ಎಳೆದು, ಮೆಟ್ಟಿಲು ಹತ್ತಿದಳು.