ಜಾಲಿಯಾಚೆ ನೆಟ್ಟ ಕೋಲು

ಖೋಖೋದಲ್ಲಿ ಸೋತರೂ ಒಂದು ಸುಖವಿದೆ. ಸೋತವರೆಲ್ಲ ಒಟ್ಟಿಗೆ ಕೂತು ಅಂಪೈರನ್ನು ಬೈಯಬಹುದು. ಗಾಲ್ಫಿನಲ್ಲಿ ಬೈಯುವುದಕ್ಕೂ ಜೊತೆಯಿಲ್ಲ. ಹೊಡೆದವಳೂ ನಾನೇ, ಕಳೆದವಳೂ ನಾನೇ, ಹುಡುಕಬೇಕಾದವಳೂ ನಾನೇ.

ಈ ಒಂಟಿ ಆಟ ನನಗೆ ಗಂಟುಬಿದ್ದದ್ದು ಹೊಸದುರ್ಗದ ಹಾಸ್ಟೆಲಿನಲ್ಲಿದ್ದಾಗ. ಹಿರಿಯೂರು ಕಡೆಯ ಕ್ಲಬ್ಬೊಂದು ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಸಿಗೆಯಲ್ಲಿ ಪುಕ್ಕಟೆ ಕಲಿಸುತ್ತದೆಂದು ಪಿ.ಟಿ. ಮೇಷ್ಟ್ರು ನಮ್ಮಲ್ಲಿ ಕೆಲವರನ್ನು ಕರೆದುಕೊಂಡು ಹೋದರು. ಉಳಿದವರು ಬಿಸಿಲಿಗೆ ಬೇಸತ್ತು ಬಿಟ್ಟರು. ನಾನು ಬಿಡಲಿಲ್ಲ. ಛಲವೇನಲ್ಲ; ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು, ಅಪ್ಪ ಕುರಿ ಹೊಡೆದುಕೊಂಡು ಯಾವ ಊರ ಬಯಲಲ್ಲಿರುತ್ತಿದ್ದನೋ ಹಟ್ಟಿಯವರಿಗೂ ತಿಳಿಯುತ್ತಿರಲಿಲ್ಲ. ರಜೆಯಲ್ಲಿ ಹೋಗಲು ನನಗೆ ಬೇರೆ ಜಾಗವಿರಲಿಲ್ಲ.

ಮುಂದಿನ ವರ್ಷ ಕ್ಲಬ್ಬಿನವರು ಮಕ್ಕಳ ಪಂದ್ಯ ಇಟ್ಟರು. ಹುಡುಗಿಯರಲ್ಲಿ ಮೊದಲ ಇಬ್ಬರಿಗೆ ವರ್ಷವಿಡೀ, ಪ್ರತಿ ಶನಿವಾರ ಭಾನುವಾರ ಅಲ್ಲೇ ತರಬೇತಿ. ಬಹುಮಾನದ ಕಪ್ಪು ಯಾರಿಗೆ ಬೇಕಿತ್ತು? ನನಗೆ ಆ ಶನಿವಾರ ಭಾನುವಾರಗಳು ಬೇಕಿದ್ದವು. ಎಲ್ಲರ ಮನೆಯವರೂ ಬಂದು ಕರೆದುಕೊಂಡು ಹೋದ ಮೇಲೆ ಹಾಸ್ಟೆಲಿನ ಆ ಉದ್ದನೆಯ ಕೋಣೆಯಲ್ಲಿ ಒಬ್ಬಳೇ ಒಗೆದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಚುತ್ತ ಕೂರುವುದು ತಪ್ಪುತ್ತಿತ್ತು.

ಪಂದ್ಯದ ದಿನ ಅಪ್ಪ ಬಂದ. ಮಂದೆಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಮಾಡದಕೆರೆಯಿಂದ ಬಸ್ಸು ಹಿಡಿದು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಸಮೇತ ಬಂದಿದ್ದ. ಬೇರೆ ಹುಡುಗಿಯರ ಅಪ್ಪ ಅಮ್ಮಂದಿರು ಬೆಂಗಳೂರು, ದಾವಣಗೆರೆಯಿಂದ ಕಾರುಗಳಲ್ಲಿ ಬಂದು ಬಿಳಿ ಟೋಪಿ ಹಾಕಿಕೊಂಡು ನಿಂತಿದ್ದರು. ಗೇಟಿನಲ್ಲಿ ಪಂದ್ಯ ನಡೆಸುವವರೊಬ್ಬರು ಎಲ್ಲರಿಗೂ ಹೇಳಿದ್ದನ್ನೇ ಅಪ್ಪನಿಗೂ ಹೇಳಿದರು. "ಆಟ ಮುಗಿಯೋ ತಂಕ ಮಗಳ ಹತ್ರ ಮಾತಾಡಂಗಿಲ್ಲ ನೋಡ್ರಿ. ನೀವು ಮಾತಾಡಿದ್ರೆ ದಂಡ ಅವ್ಳಿಗೆ ಬೀಳುತ್ತೆ."

"ಆತು ಬಿಡ್ರಿ, ಮೂಗನಂಗೆ ಇರ್ತೀನಿ" ಅಂದ ಅಪ್ಪ.

ಉಳಿದವರು ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಮರೆಯಲ್ಲಿ ನೀರು ಕೊಡುವ ನೆಪದಲ್ಲಿ ಮಕ್ಕಳ ಕಿವಿಯಲ್ಲಿ ಏನೇನೋ ಊದಿದರು, ಬೆನ್ನು ತಟ್ಟಿದರು. ನನ್ನಪ್ಪ ಮಾತ್ರ ದೂರದಲ್ಲಿ ಜಾಲಿ ಗಿಡಗಳ ಪಕ್ಕದಲ್ಲೇ ನಡೆಯುತ್ತಿದ್ದ. ಒಮ್ಮೆಯೂ ಹತ್ತಿರ ಸುಳಿಯಲಿಲ್ಲ. ಬಂದವನು ಬಾರದವನಂತೆ ಇದ್ದರೆ ಬಾರದಿರುವುದಕ್ಕಿಂತ ಕಷ್ಟ. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಂಡು ಆಡಿದೆ.

ಆದರೂ ಚೆಂಡು ಬೀಳಿಸಬೇಕಾದ ಕೊನೆಯ ಕೆಲವು ಕುಳಿಗಳು ಉಳಿದಾಗ ನಾನು ಎರಡನೆಯವಳಾಗಿದ್ದೆ. ಆಗ ನನ್ನ ಚೆಂಡು ಕಲ್ಲಿಗೆ ತಾಗಿ ಚಿಮ್ಮಿ ಜಾಲಿಯೊಳಗೆ ಹೋಯಿತು. ಹುಡುಕಲು ಮೂರೇ ನಿಮಿಷ ಅವಕಾಶ. ಜೊತೆಯ ಹುಡುಗಿಯರಿಬ್ಬರು, ಆಟ ನೋಡಿಕೊಳ್ಳುವ ಕ್ಲಬ್ಬಿನವರು, ನಾನು, ಎಲ್ಲ ಮುಳ್ಳು ತರಚಿಕೊಂಡು ಹುಡುಕಿದೆವು. ಅತ್ತ, ಜಾಲಿ ಸಾಲಿನಾಚೆ, ಅಪ್ಪ ಕೋಲನ್ನು ನೆಲಕ್ಕೆ ನೆಟ್ಟು, ಅದರ ತುದಿಗೆ ಕಂಬಳಿ ಹಾಕಿ ಅಲ್ಲಾಡದೆ ನಿಂತಿದ್ದ. ಪಾಪ, ಬಿಸಿಲಿಗೆ ದಣಿದಿದ್ದಾನೆ ಅಂದುಕೊಂಡೆ.

"ಯಜಮಾನ್ರೇ, ದೂರ ಸರೀರಿ" ಎಂದು ಕ್ಲಬ್ಬಿನವರು ಕೂಗಿದರು. ಅಪ್ಪ ಜಗ್ಗಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಸಮಯ ಮುಗಿಯಿತು. ದಂಡವಾಗಿ ಒಂದು ಹೊಡೆತ ಲೆಕ್ಕಕ್ಕೆ ಹೆಚ್ಚು ಸೇರಿತು, ಹಿಂದಕ್ಕೆ ಹೋಗಿ ಬೇರೆ ಚೆಂಡು ಹೊಡೆದೆ. ಆ ದಂಡದಿಂದಲೇ ಮೂರನೆಯವಳಾದೆ.

ಮೂರನೆಯವಳಿಗೆ ಚಪ್ಪಾಳೆ ಅರ್ಧಕ್ಕೇ ನಿಲ್ಲುತ್ತದೆ. ಗೆದ್ದವರ ಸುತ್ತ ಫೋಟೊಗಳ ಗಲಾಟೆ. ಅಪ್ಪನಿಗಾಗಿ ಎಲ್ಲ ಕಡೆ ನೋಡಿದೆ, ಕಾಣಲಿಲ್ಲ. ಬಸ್ಸು ತಪ್ಪುತ್ತದೆಂದು ಹೊರಟುಬಿಟ್ಟನೇನೋ. ಅವನಿಗೆ ಕುರಿಗಳೇ ಮಕ್ಕಳು ಎಂದು ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು. ಕಾರುಗಳೆಲ್ಲ ಹೋದ ಮೇಲೆ ಚೀಲ ಹೊತ್ತು ಹೊರಟಾಗ ದೂರದ ಜಾಲಿಯ ಹತ್ತಿರ ಕಪ್ಪು ಕಂಬಳಿ ಕಂಡಿತು. ಅಪ್ಪ ಅಲ್ಲೇ ನಿಂತಿದ್ದ, ಹಾಗೆಯೇ.

ಹತ್ತಿರ ಹೋದೆ. ಅವನ ತುಟಿ ಒಣಗಿ ಬಿರಿದಿತ್ತು.

"ಮುಗೀತೇನವ್ವ? ಈಗ ಮಾತಾಡ್ಬೋದಾ?"

ಕೋಲಿನ ಬುಡದಲ್ಲಿ ನನ್ನ ಚೆಂಡಿತ್ತು.

"ಕೂಗಿದ್ರೆ ನಿಂಗೆ ದಂಡ ಅಂದಿದ್ರಲ್ಲ. ಅದ್ಕೆ ಕೋಲು ನೆಟ್ಟೆ. ನೀನು ನೋಡಿದ್ಯಲ್ಲ, ಬತ್ತೀಯ ಅಂದ್ಕಂಡೆ."

ಮಂದೆ ಮುಂದೆ ಸಾಗುವಾಗ ಕುರಿಯೊಂದು ಹಿಂದುಳಿದು ಮರಿ ಹಾಕಿದರೆ, ಕಂಡವರು ಕೂಗುವುದಿಲ್ಲ. ಕೂಗಿದರೆ ತಾಯಿ ಬೆದರಿ ಮರಿ ಬಿಟ್ಟು ಓಡುತ್ತದೆ. ಕೋಲು ನೆಟ್ಟು, ಕಂಬಳಿ ಹಾಕಿ, ಮರಿ ಎತ್ತಿಕೊಳ್ಳುವವರು ಬರುವ ತನಕ ಪಕ್ಕದಲ್ಲಿ ನಿಲ್ಲುತ್ತಾರೆ. ನಮ್ಮ ಹಟ್ಟಿಯಲ್ಲಿ ಬೆಳೆದ ಯಾವ ಮಗುವಾದರೂ ಅದನ್ನು ನೋಡಿ ಓಡಿಬರುತ್ತಿತ್ತು. ಆದರೆ ನಾನು ಬೆಳೆದದ್ದು ಹಾಸ್ಟೆಲಿನಲ್ಲಿ. ಇನ್ನು ಗಾಲ್ಫಿನಲ್ಲಿ, ಚೆಂಡು ಇಲ್ಲಿದೆ ಎಂದು ಯಾರು ಬೇಕಾದರೂ ಕೂಗಿ ಹೇಳಬಹುದು, ದಂಡವಿಲ್ಲ. ಅದು ಅಪ್ಪನಿಗೆ ಗೊತ್ತಿರಲಿಲ್ಲ. ಆ ಮೂರು ನಿಮಿಷ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಇದ್ದೆವು.

ನನ್ನ ಮುಖ ನೋಡಿ ಅಪ್ಪನ ದನಿ ಇಳಿಯಿತು. "ತಡ ಆತೇನವ್ವ?"

ಖಾಲಿ ಬಯಲು ನೋಡಿದೆ. ಶನಿವಾರದ ಆ ಉದ್ದನೆಯ ಕೋಣೆ ನೆನಪಾಯಿತು.

"ಇಲ್ಲಪ್ಪ" ಅಂದೆ. ಚೀಲದಿಂದ ಗಾಲ್ಫ್ ದಾಂಡು ತೆಗೆದು ಚೆಂಡು ಹೊಡೆದೆ. ಕಣ್ಣು ಮಂಜಾಗಿ ಅದು ಎಲ್ಲಿ ಬಿತ್ತೋ ಕಾಣಲಿಲ್ಲ. ಅಪ್ಪ ಆಗಲೇ ಕೋಲು ಕಿತ್ತುಕೊಂಡು ಆ ಕಡೆ ಹೊರಟಿದ್ದ.