ಹನ್ನೊಂದು ನಿಮಿಷ ಮುಂದಿದ್ದ ಗಡಿಯಾರಕ್ಕೆ ಧನ್ಯವಾದ

ವೃದ್ಧಾಶ್ರಮದಲ್ಲಿ ಎಲ್ಲರೂ ಅವಳನ್ನು ಕಾಗದದಕ್ಕ ಎಂದೇ ಕರೆಯುತ್ತಿದ್ದರು. ದಾನ ಕೊಟ್ಟವರಿಗೆ ಧನ್ಯವಾದದ ಕಾಗದ ಬರೆಯುವುದು ಅವಳ ಕೆಲಸ. ಅದಕ್ಕೂ ಮೊದಲು ಮೂವತ್ತು ವರ್ಷ ಇಸ್ತ್ರಿ ಅಂಗಡಿಯಲ್ಲಿ ನಿಂತು ಸವೆದಿದ್ದಳು. ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ. ಹಾಗಾಗಿ ಒಂದೊಂದು ಅಕ್ಷರವನ್ನೂ ಅಂಗಿಯ ಕಾಲರಿನಂತೆ ತಿದ್ದಿ ತೀಡುತ್ತಿದ್ದಳು. ದಿನಕ್ಕೆ ಎರಡು ಕಾಗದವಾದರೆ ಹೆಚ್ಚು.

ಬಂದ ವಸ್ತುವನ್ನು ಕಣ್ಣಾರೆ ನೋಡದೆ ಅವಳು ಪೆನ್ನು ಹಿಡಿಯುತ್ತಿರಲಿಲ್ಲ. ಕಂಬಳಿ ಬಂದರೆ ಹೊದ್ದವರನ್ನೇ ಕೇಳಿ ಬರೆಯುವಳು: "ನಿಮ್ಮ ಕಂಬಳಿ ಬೆಚ್ಚಗಿದೆ. ಉದ್ದದ ಮೇಷ್ಟರ ಹೆಬ್ಬೆರಳು ಮಾತ್ರ ಹೊರಗೆ ಉಳಿಯುತ್ತದೆ. ಅದಕ್ಕೆ ಕಾಲುಚೀಲ ಹಾಕಿದ್ದೇವೆ. ಚಿಂತೆ ಬೇಡ."

ಈ ಪದ್ಧತಿಯೇ ಒಂದು ದಿನ ಅವಳ ಕುತ್ತಿಗೆಗೆ ಬಂತು.

ಗಡಿಯಾರದಂಗಡಿ ಯಜಮಾನರು ಆಶ್ರಮಕ್ಕೆ ಎಲ್ಲರಿಗಿಂತ ಹೆಚ್ಚು ಕೊಡುವವರು. ತಮ್ಮ ಕೈಯಾರೆ ಜೋಡಿಸಿದ ಗೋಡೆ ಗಡಿಯಾರವೊಂದನ್ನು ಊಟದ ಮನೆಗೆ ಕಳಿಸಿದರು. ಕಾಗದದಕ್ಕ ಮೂರು ದಿನ ಅದನ್ನು ರೇಡಿಯೋ ಜೊತೆ ಹೋಲಿಸಿ ನೋಡಿ ಬರೆದಳು: "ಗಡಿಯಾರ ಬಹಳ ಚೆಂದ. ಹನ್ನೊಂದು ನಿಮಿಷ ಮುಂದಿದೆ. ಮೊನ್ನೆಯೂ ಹನ್ನೊಂದು, ನಿನ್ನೆಯೂ ಹನ್ನೊಂದು, ಇವತ್ತೂ ಹನ್ನೊಂದು. ಎಲ್ಲರೂ ಬೇಗ ಬಂದು ತಟ್ಟೆ ಬಡಿಯುವುದರಿಂದ ಅಡುಗೆಯವರು ನಿಮ್ಮನ್ನು ದಿನಾ ನೆನೆಯುತ್ತಾರೆ. ಏನೆಂದು ನೆನೆಯುತ್ತಾರೋ ಅದನ್ನು ಬರೆಯಲಾರೆ."

ಕಾಗದ ಅಂಚೆಗೆ ಹೋದ ಮೇಲೆ ಅದರ ನಕಲು ಓದಿದ ಮ್ಯಾನೇಜರ್ ತಲೆಯ ಮೇಲೆ ಕೈ ಹೊತ್ತರು.

"ಅಕ್ಕಾ, ಥ್ಯಾಂಕ್ಸ್ ಹೇಳೋ ಕಾಗದದಲ್ಲಿ ಯಾರಾದ್ರೂ ದೂರು ಬರೀತಾರಾ?"

"ದೂರಲ್ಲ ಸಾರ್, ಹನ್ನೊಂದು ನಿಮಿಷ. ಹತ್ತು ಅಂದಿದ್ರೆ ಸುಳ್ಳಾಗ್ತಿತ್ತು."

"ಅವರು ಕೈಬಿಟ್ರೆ ನಿಮಗೆ ಮೇಜೂ ಇಲ್ಲ, ಪೆನ್ನೂ ಇಲ್ಲ. ಎಲ್ಲರಿಗೂ ಒಂದೇ ಕಾಗದ ಅಚ್ಚು ಹಾಕಿಸಿಬಿಡ್ತೀನಿ, ನೋಡ್ತಿರಿ!"

ಜೀವಮಾನದಲ್ಲಿ ಅವಳು ಕೂತು ಕೆಲಸ ಮಾಡಿದ್ದು ಆ ಮೇಜಿನ ಮುಂದೆ ಮಾತ್ರ.

ಕಾಗದ ತಲುಪಿದ ಮಾರನೇ ದಿನವೇ ಯಜಮಾನರು ಸಲಕರಣೆ ಪೆಟ್ಟಿಗೆ ಸಮೇತ ಬಂದಿಳಿದರು. ಮೀಸೆ ಕುಣಿಯುತ್ತಿತ್ತು.

"ಯಾರಮ್ಮಾ ಅದು, ನನ್ನ ಗಡಿಯಾರ ಮುಂದಿದೆ ಅಂದಿದ್ದು?"

"ನಾನೇ ಅಣ್ಣಾ."

"ಕೆಟ್ಟ ಗಡಿಯಾರ ಆದ್ರೆ ದಿನದಿನಕ್ಕೂ ಇನ್ನಷ್ಟು ಓಡ್ಬೇಕು. ನೀವೇ ಬರೆದಿದ್ದೀರಲ್ಲ, ಮೂರು ದಿನವೂ ಹನ್ನೊಂದೇ ಅಂತ. ಯಾರೋ ತಳ್ಳಿದ್ದಾರೆ!"

ಮುಳ್ಳನ್ನು ಸರಿಯಾದ ಹೊತ್ತಿಗೆ ತಿರುಗಿಸಿ ಇಬ್ಬರೂ ಬಾಗಿಲ ಹಿಂದೆ ಅಡಗಿ ಕೂತರು. ಸ್ವಲ್ಪ ಹೊತ್ತಿಗೆ ಉದ್ದದ ಮೇಷ್ಟರು ಬಂದರು. ಗಡಿಯಾರ ನೋಡಿ ಗೊಣಗಿದರು. ಅತ್ತಿತ್ತ ಕಣ್ಣಾಡಿಸಿ, ಕಾಲುಚೀಲದ ಹೆಬ್ಬೆರಳ ಮೇಲೆ ನಿಂತು, ಮುಳ್ಳನ್ನು ಮುಂದಕ್ಕೆ ತಳ್ಳಿದರು.

"ಮೇಷ್ಟ್ರೇ!" ಎಂದು ಕಾಗದದಕ್ಕ ಕೂಗಿದಳು.

"ಅಡುಗೆಯವನು ದಿನಾ ಹನ್ನೊಂದು ನಿಮಿಷ ತಡ ಮಾಡ್ತಾನಮ್ಮ," ಎಂದರು ಮೇಷ್ಟರು, ಮುಳ್ಳು ಬಿಡದೆ. "ಗಣಿತ ಹೇಳಿಕೊಟ್ಟವನು ನಾನು, ಸುಮ್ನಿರೋಕಾಗುತ್ತಾ?"

ಯಜಮಾನರು ನಕ್ಕು ನಕ್ಕು ಪೆಟ್ಟಿಗೆಯ ಮೇಲೇ ಕುಸಿದರು. ಓಡಿ ಬಂದ ಮ್ಯಾನೇಜರ್, ಇನ್ನು ಮುಂದೆ ಅಚ್ಚು ಹಾಕಿದ ಕಾಗದವನ್ನೇ ಕಳಿಸುತ್ತೇವೆ ಎಂದು ಕೈಮುಗಿದಾಗ ಹೇಳಿದರು: "ಅಚ್ಚು ಹಾಕಿದ ಕಾಗದ ನನಗೆ ರಾಶಿ ಬರುತ್ತೆ ಸಾರ್. ಒಂದನ್ನೂ ಓದಿಲ್ಲ. ಇದನ್ನ ನಮ್ಮನೆಯವಳು ಮೂರು ಸಲ ಓದಿಸಿಕೊಂಡ್ಲು. ಈ ಅಕ್ಕ ಬರೆಯೋ ತನಕ ನಾನು ಕೊಡ್ತೀನಿ."

ಆ ವಾರವೇ ಅಡುಗೆಮನೆಗೆ ಇನ್ನೊಂದು ಗಡಿಯಾರ ಬಂತು. ಕಾಗದದಕ್ಕ ಮತ್ತೆ ಮೂರು ದಿನ ನೋಡಿ, ತನ್ನ ಮೇಜಿನ ಮುಂದೆ ಕೂತು ಬರೆದಳು:

"ಎರಡನೆಯದೂ ಚೆಂದ. ಅಡುಗೆಯವರು ಅದನ್ನು ಹನ್ನೊಂದು ನಿಮಿಷ ಹಿಂದಕ್ಕೆ ತಿರುಗಿಸಿದ್ದಾರೆ. ಮೇಷ್ಟರದು ಮುಂದೆಯೇ ಇದೆ. ಅಡುಗೆಮನೆಗೂ ಊಟದ ಮನೆಗೂ ನಡುವೆ ಒಂದು ಗೋಡೆ, ಇಪ್ಪತ್ತೆರಡು ನಿಮಿಷ. ಧನ್ಯವಾದ."