ಗುಂಯ್ ಎನ್ನುವ ಪೆಟ್ಟಿಗೆ

ನಮ್ಮ ಮನೆಯಲ್ಲಿ ಗ್ರಾಮಫೋನ್ ಪ್ಲೇಟು ಹಾಕಿದರೆ ಹಾಡಿಗಿಂತ ಮೊದಲು ಒಂದು ‘ಗುಂಯ್’ ಕೇಳಿಸುತ್ತದೆ. ಮೊದಲ ಸಲ ಬಂದವರು ಅದನ್ನು ತಂಬೂರಿಯೆಂದು ಭಾವಿಸಿ ತಲೆದೂಗಲು ಸಿದ್ಧರಾಗುತ್ತಾರೆ. ಸಂಗೀತ ಬಲ್ಲವರು ಮಾತ್ರ ಅದು ಯಾವ ಶ್ರುತಿಗೂ ಸೇರದ್ದನ್ನು ಗಮನಿಸಿ, ‘ಒಳಗೆ ಮಿಕ್ಸಿ ಆಫ್ ಮಾಡಿಲ್ವೇನೋ’ ಎಂದು ಸಂಕೋಚದಿಂದ ಕೇಳುತ್ತಾರೆ. ನೀವು ನಗಬಹುದು, ಆದರೆ ಇಡೀ ಬಸವನಗುಡಿಯಲ್ಲಿ ಇಷ್ಟು ವಿಚಾರಮಾಡಿ ಆರಿಸಿದ ಗುಂಯ್ ಇನ್ನೊಂದಿರಲಾರದು.

ಹಳೆಯ ರೇಡಿಯೋಗ್ರಾಂ ಕೆಟ್ಟುಹೋದ ಮೇಲೆ, ವಿದೇಶದಿಂದ ಮರಳಿದ ಸಹೋದ್ಯೋಗಿಯೊಬ್ಬರಿಂದ ನಾನು ಟರ್ನ್‌ಟೇಬಲ್ ಒಂದನ್ನು ಕೊಂಡೆ. ಅದರ ಮುಳ್ಳು ಎಷ್ಟು ನಾಜೂಕೆಂದರೆ, ಆಂಪ್ಲಿಫೈಯರಿಗೆ ನೇರವಾಗಿ ಜೋಡಿಸಿದಾಗ ಘನವಿದ್ವಾಂಸರ ಆಲಾಪನೆಯೂ ಸೊಳ್ಳೆಯ ಸಂಗೀತದಂತೆ ಕೇಳಿಸಿತು. ಆ ಕ್ಷೀಣಸ್ವರವನ್ನು ಹಿಗ್ಗಿಸಿ, ತಿದ್ದಿ, ಮುಂದಕ್ಕೆ ದಾಟಿಸಲು ನಡುವೆ ಪ್ರೀ-ಆಂಪ್ ಎಂಬ ಪುಟ್ಟ ಪೆಟ್ಟಿಗೆ ಬೇಕಂತೆ. ಯಾವುದನ್ನು ಕೊಳ್ಳುವುದು? ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸುವ ನಾನು, ತೀರ್ಮಾನಕ್ಕೆ ಬರುವ ವಿಧಾನವನ್ನು ಪರರಿಗೆ ಹೇಳಿಕೊಡುವುದರಲ್ಲೇ ಆಯುಷ್ಯ ಸವೆಸಿದವನು. ಸ್ವಂತಕ್ಕೆ ಒಂದು ತೀರ್ಮಾನವೂ ಉಳಿದಿಲ್ಲ.

ನನಗೆ ಇದು ಶ್ರವಣವಿಲಾಸವಾದರೆ, ನನ್ನ ಹೆಂಡತಿ ಸುಶೀಲೆಗೆ ಹಾಗಿರಲಿಲ್ಲ. ಅವಳ ಅಕ್ಕ ಪದ್ಮ ದೇವರನಾಮ ಹಾಡಿ ಒಂದೇ ಒಂದು ಸಣ್ಣ ಪ್ಲೇಟು ಹೊರತಂದಿದ್ದಳು. ಆ ಸಂಭ್ರಮಕ್ಕೆ ಚಾಮರಾಜಪೇಟೆಯ ಅವಳ ತೌರಿನಲ್ಲಿ ಬೀದಿಗೆಲ್ಲ ಸಿಹಿ ಹಂಚಿದ್ದರು. ವರ್ಷ ತಿರುಗುವುದರೊಳಗೆ ಪದ್ಮ ಎದೆಯ ಕಾಯಿಲೆಯಿಂದ ತೀರಿಕೊಂಡಳು. ರೇಡಿಯೋಗ್ರಾಂ ಕೆಟ್ಟಂದಿನಿಂದ ಸುಶೀಲೆ ಆ ಪ್ಲೇಟಿನ ಧೂಳು ಒರೆಸಿ ಒರೆಸಿ ಇಡುತ್ತಿದ್ದಳೇ ಹೊರತು ಕೇಳಲು ದಾರಿಯಿರಲಿಲ್ಲ. ‘ಅಕ್ಕನ ಧ್ವನಿ ಮರ್ತೇ ಹೋಗುತ್ತೇನೋ ಅನ್ಸುತ್ತೆ ರೀ’ ಎಂದು ಒಮ್ಮೆ ಹೇಳಿದ್ದಳು.

ಮಾಮೂಲ್‌ಪೇಟೆಯ ಆಚೆ, ಇಂಥ ಪೆಟ್ಟಿಗೆಗಳನ್ನು ತಾವೇ ಜೋಡಿಸಿ ಮಾರುವ ರಾಜಾರಾಯರು ತಮ್ಮ ಅಂಗಡಿಯಲ್ಲಿ ಎರಡನ್ನು ನನ್ನ ಮುಂದಿಟ್ಟರು. ನನ್ನ ಮುಖದ ಮೇಲಿನ ಅನಿಶ್ಚಯವನ್ನು ಓದಿ, ‘ಮೇಷ್ಟ್ರೇ, ಎರಡನ್ನೂ ತಗೊಂಡ್ಹೋಗಿ. ಮನೆಯವರಿಗೆ ಒಪ್ಪಿಗೆಯಾದದ್ದು ಇಟ್ಕೊಳ್ಳಿ, ಇನ್ನೊಂದು ವಾಪಸ್ ಕೊಡಿ’ ಎಂದರು. ಚಿಕ್ಕಪೇಟೆಯ ಅಂಗಡಿಯವರು ಬಲ್ಲ ಮನೆಗಳಿಗೆ ಸೀರೆಗಳನ್ನು ಗಂಟು ಕಟ್ಟಿ ಆರಿಸಲು ಕಳಿಸುವುದುಂಟು. ಹೀಗೆ ಪ್ರೀ-ಆಂಪೂ ಸೀರೆಯ ಮರ್ಯಾದೆಯಲ್ಲಿ ನಮ್ಮ ಮನೆಗೆ ಬಂತು.

ಬಾಯಿಪಾಠವಾಗಿರುವ ಹಾಡಿನಿಂದಲೇ ಯಂತ್ರವನ್ನು ಪರೀಕ್ಷಿಸಬೇಕೆಂಬುದು ನಮ್ಮಂಥ ಹುಚ್ಚರ ಶಾಸ್ತ್ರ. ಹಾಗಾಗಿ ಪದ್ಮಳ ಪ್ಲೇಟನ್ನೇ ಹಾಕಿದೆ. ಮೊದಲ ಪೆಟ್ಟಿಗೆ ಗುಂಯ್ ಎಂದಿತು. ಅದರ ಹಿಂದಿನಿಂದ ಪದ್ಮ, ರೇಡಿಯೋಗ್ರಾಮಿನಲ್ಲಿ ಹಾಡುತ್ತಿದ್ದಂತೆಯೇ, ದುಂಡಗೆ ಹಾಡಿದಳು. ಸುಶೀಲೆ ಕಣ್ಣೊರೆಸಿಕೊಂಡು ನಕ್ಕಳು. ಎರಡನೆಯದನ್ನು ಜೋಡಿಸಿದೆ. ಗುಂಯ್ ಇಲ್ಲ, ನಿರ್ಮಲ ನಿಶ್ಶಬ್ದ. ಪದ್ಮ ನಮ್ಮ ಹಜಾರದಲ್ಲೇ ಕುಳಿತು ಹಾಡತೊಡಗಿದಳು. ನಾನು ವಿಜಯಿಯಂತೆ ಬೀಗುತ್ತಿದ್ದೆ. ಆಗ ಅನುಪಲ್ಲವಿಯ ಮೊದಲು ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. ಸಾಲಿನ ನಡುವೆ ಮತ್ತೊಮ್ಮೆ. ಚರಣದಲ್ಲಿ ಎರಡು ಮಾತಿಗೊಮ್ಮೆ, ಮೆಟ್ಟಿಲು ಹತ್ತಿ ಬಂದವರಂತೆ, ಸಣ್ಣ ಏದುಸಿರು. ಅಷ್ಟು ವರ್ಷ ಆ ಹಾಡನ್ನು ಕೇಳಿದ್ದ ನಾವು ಆ ಉಸಿರನ್ನು ಕೇಳಿರಲೇ ಇಲ್ಲ.

ಹಾಡು ಮುಗಿದು ಪ್ಲೇಟು ಸುಮ್ಮನೆ ಸುತ್ತುತ್ತಿತ್ತು. ‘ಆಗ್ಲೇ ಅಕ್ಕಂಗೆ ಆಗ್ತಿರ್ಲಿಲ್ಲ ಕಣ್ರೀ’ ಎಂದಳು ಸುಶೀಲೆ. ‘ನಾವೆಲ್ಲ ಸಿಹಿ ಹಂಚ್ತಾ ಇದ್ವಿ.’

ಪ್ಲೇಟನ್ನು ಎತ್ತಿಟ್ಟುಬಿಡಲೇ ಎಂದು ಕೇಳಿದೆ. ಅವಳು ಎರಡೂ ಪೆಟ್ಟಿಗೆಗಳನ್ನು ನೋಡಿ, ಮೊದಲನೆಯದರ ಮೇಲೆ ಕೈಯಿಟ್ಟಳು. ‘ಇದರಲ್ಲಿ ಅಕ್ಕ ಚೆನ್ನಾಗಿದ್ಲು. ಇದೇ ಇರ್ಲಿ.’

ರಾಜಾರಾಯರು ವಾಪಸಾದ ಪೆಟ್ಟಿಗೆಯನ್ನು ಕಂಡು, ನನ್ನ ಕಿವಿಯ ವಿಷಯದಲ್ಲಿ ಕನಿಕರಪಟ್ಟಿರಬೇಕು.

ಈಗಲೂ ಶುಕ್ರವಾರಗಳಂದು ನಮ್ಮ ಹಜಾರದಲ್ಲಿ ಮೊದಲು ಗುಂಯ್, ಆಮೇಲೆ ಪದ್ಮ. ಅತಿಥಿಗಳು ಮಿಕ್ಸಿಯ ಬಗ್ಗೆ ಕೇಳಿದರೆ, ಅರ್ಥಿಂಗ್ ಸರಿಯಿಲ್ಲವೆಂದು ಹೇಳಿ ಕಾಫಿ ಕೊಡುತ್ತೇವೆ. ಸುಶೀಲೆ ಹೂ ಕಟ್ಟುತ್ತಾ ಕೇಳುತ್ತಾಳೆ. ಉಸಿರು ಈಗ ಕೇಳಿಸುವುದಿಲ್ಲ. ಆದರೂ ಅನುಪಲ್ಲವಿಗೆ ಮೊದಲು ಅವಳ ಕೈ ನಿಲ್ಲುತ್ತದೆ. ಅಕ್ಕ ಉಸಿರೆಳೆದುಕೊಳ್ಳುವಷ್ಟು ಹೊತ್ತು ಕಾದು, ಮುಂದಿನ ಹೂವನ್ನು ಎತ್ತಿಕೊಳ್ಳುತ್ತಾಳೆ.